ಹರಿದ ಹಾಯಿಯೊಳಗೆ ಬೆಂದ ಕುಚ್ಚಲಕ್ಕಿ

ಬೈಂದೂರು ಕಡಲು, ಬುಧವಾರ

ಸುಗುಣಕ್ಕಾ,

ಅಕ್ಷರ ವಕ್ರವಾಗಿದೆ, ತಪ್ಪುಗಳೂ ಇರಬಹುದು, ಬೈಯಬೇಡ. ದೋಣಿ ಅಲುಗುತ್ತಲೇ ಇದೆ. ಕಾರವಾರದಿಂದ ಮಲ್ಪೆಗೆ ಹೊರಟ ಪ್ರೇಮಾನಂದಣ್ಣನ ಹಾಯಿದೋಣಿಯಲ್ಲಿ ನನ್ನದು ಅಡುಗೆ ಕೆಲಸ. ಮೊನ್ನೆ ಒತ್ತಿನೆಣೆಯ ಬಂಡೆಗಳೆದುರು ಗಾಳಿಗೆ ದೊಡ್ಡ ಹಾಯಿ ಹರಿಯಿತು, ಸೀರೆ ಹರಿದ ಹಾಗೆಯೇ ಸದ್ದು. ಬೇರೆ ಹಾಯಿ ಕಟ್ಟುವವರೆಗೆ ಲಂಗರು ಹಾಕಿ ನಿಂತೆವು. ಅಷ್ಟರಲ್ಲಿ ಗ್ಯಾಸೂ ಮುಗಿಯುತ್ತ ಬಂತು. ತಪ್ಪು ನನ್ನದೇ. ಮನೆಯ ಸೌದೆ ಒಲೆಯ ಹಾಗೆ ದಿನಾ ಗಂಟೆಗಟ್ಟಲೆ ಕುಚ್ಚಲಕ್ಕಿ ಬೇಯಿಸಿದ್ದೆ.

“ಹ್ವಾಯ್ ವೆಂಕಟ, ಎಂತ ಮಾರಾಯಾ, ಅಕ್ಕಿಯಾ ಕಲ್ಲಾ ನೀ ಬೇಯ್ಸುದ್? ಗಂಗೊಳ್ಳಿಯಂಗೆ ಇಳ್ದ್ ಮನಿಗ್ ಹೋಗ್. ನಾ ಬ್ರೆಡ್ ತಿಂದ್ಕಂಡ್ ಹೋತೆ” ಎಂದರು ಪ್ರೇಮಾನಂದಣ್ಣ. ಗಂಗೊಳ್ಳಿ ಬಂದರಿನಲ್ಲಿ ಇಳಿಯಬೇಕು, ಅಕ್ಕಿಮಿಲ್ಲಿನ ಕೆಲಸದಂತೆ ಇದೂ ಹೋಯಿತು ಎಂದುಕೊಂಡು ಚೀಲ ಕಟ್ಟಿಟ್ಟೆ.

ಅಮ್ಮ ಗದ್ದೆಗೆ ಹೋಗುವಾಗ ಕುದಿಯುವ ಅನ್ನದ ಪಾತ್ರೆಯನ್ನು ಬೈಹುಲ್ಲಿನಲ್ಲಿ ಹುಗಿದಿಟ್ಟು ಹೋಗುತ್ತಿದ್ದಳಲ್ಲ? ಬರುವಷ್ಟರಲ್ಲಿ ಅದು ತನ್ನ ಬಿಸಿಗೇ ಬೆಂದಿರುತ್ತಿತ್ತು. ಇಲ್ಲಿ ಹುಲ್ಲು ಎಲ್ಲಿಂದ ಬರಬೇಕು! ಇವತ್ತು ಬೆಳಕಾಗುವಾಗ ಉಳಿದ ಗ್ಯಾಸಿನಲ್ಲಿ ಅಕ್ಕಿಯನ್ನು ಚೆನ್ನಾಗಿ ಕುದಿಸಿ, ಪಾತ್ರೆಗೆ ಹರಿದ ಹಾಯಿಯನ್ನು ಹತ್ತು ಸುತ್ತು ಸುತ್ತಿಟ್ಟೆ. ಹತ್ತು ಗಂಟೆಗೆ ಬಿಚ್ಚಿದರೆ ಇನ್ನೂ ಹಬೆಯಾಡುತ್ತಿತ್ತು, ಅಗುಳು ಅರಳಿತ್ತು.

ಅಣ್ಣ ಉಪ್ಪಿನಕಾಯಿ ನಂಚಿಕೊಂಡು ಎರಡು ಸಲ ಉಂಡರು. “ಗಂಗೊಳ್ಳಿಯಂಗೆ ಗ್ಯಾಸ್ ತಕಂಬ. ಮತ್ತೆ ಇಬ್ರೂ ಸೀದಾ ಮಲ್ಪೆಗ್ ಹೋಪ” ಎಂದರು.

ದೋಣಿಯ ಅಲುಗಾಟಕ್ಕೆ ಬರುತ್ತಿದ್ದ ವಾಂತಿ ಈಗ ನಿಂತಿದೆ, ಚಿಂತೆ ಬೇಡ. ನೀರು ತಂದುಕೊಟ್ಟ ಮೀನುದೋಣಿಯವರು ದಡಕ್ಕೆ ಹೊರಟಿದ್ದಾರೆ, ಅಂಚೆಗೆ ಹಾಕಲು ಈ ಕಾರ್ಡನ್ನು ಅವರ ಕೈಯಲ್ಲೇ ಕೊಡುತ್ತೇನೆ. ಕಟ್ಟಿಟ್ಟಿದ್ದ ಚೀಲವನ್ನು ಈಗಷ್ಟೇ ಬಿಚ್ಚಿ, ಅಂಗಿಯನ್ನು ಮತ್ತೆ ಮೊಳೆಗೆ ನೇತುಹಾಕಿದೆ.

ನಿನ್ನ ತಮ್ಮ ವೆಂಕಟ