ಸ್ವಲ್ಪ ನಂಜು

ಮನೆಯಿಂದ, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಇಡೀ ಪಾಳಿ ನಿಂತೇ ಇರುವವಳು ಅಂಗಡಿಯವನ ಮಾತು ಕೇಳಿ ಆ ಗಟ್ಟಿ ಚಪ್ಪಲಿ ಕೊಂಡೆಯಲ್ಲ, ಅದನ್ನು ಮೊದಲು ಬಿಸಾಡು. ಇಲ್ಲಿ ಗುಂಡ ಹಾಲು ಕುಡಿಯುತ್ತಿದ್ದಾನೆ, ಮೈ ತುಂಬಿಕೊಳ್ಳುತ್ತಿದ್ದಾನೆ. ಅರ್ಧ ಹಾಲನ್ನು ಕುತ್ತಿಗೆಯ ಮಡಿಕೆಗಳಲ್ಲಿ ಕೂಡಿಟ್ಟುಕೊಳ್ಳುತ್ತಾನೆ. ಸೂಜಿ ಚುಚ್ಚಿದ ಕೈಯ ಕಪ್ಪು ಇನ್ನೂ ಹೋಗಿಲ್ಲ. ಈ ವಯಸ್ಸಿನಲ್ಲಿ ನಿನಗೆ ಬಾಣಂತನ ಯಾರೇ ಮಾಡ್ತಾರೆ ಎಂದು ನಗುತ್ತಿದ್ದೆಯಲ್ಲ, ಇವರೇ ಮಾಡುತ್ತಿದ್ದಾರೆ. ಬಟ್ಟೆ ಚೆನ್ನಾಗಿ ಒಗೆಯುತ್ತಾರೆ. ಮಡಿಸಲು ಮಾತ್ರ ಬರುವುದಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಕ್ಕನಾಗಿರುವುದು ಮೊದಲ ಎರಡು ಮಾತಿಗೆ. ಆಮೇಲೆ ಶಿಶುವಾರ್ಡಿನ ನರ್ಸ್ ಆಗಿಬಿಡುತ್ತೀಯ, ನಾನು ಹೂಂಗುಟ್ಟುತ್ತ ಕೂರುತ್ತೇನೆ. ಅದಕ್ಕೇ ಕಾಗದ.

ಹುಟ್ಟಿ ಒಂದೆರಡು ದಿನಕ್ಕೆ ಗುಂಡ ಹಾಲು ಬಿಟ್ಟ. ಮೈ ತಣ್ಣಗಾಯಿತು, ಎತ್ತಿಕೊಂಡರೆ ಒದ್ದೆ ಟವೆಲಿನಂತೆ ತೋಳಿನಿಂದ ಜಾರುತ್ತಿದ್ದ. ಅವನನ್ನು ಗಾಜಿನ ಕೋಣೆಗೆ ಒಯ್ದರು. ಇವರು ಕಾರಿಡಾರಿನಲ್ಲಿ ನಿನಗೆ ಫೋನ್ ಮಾಡಿ ಬಂದು, ನನ್ನ ಮಂಚದ ತುದಿಯಲ್ಲಿ ಕೂತು, "ಏನಿಲ್ಲ ಕಣೇ, ಸ್ವಲ್ಪ ನಂಜು. ಇಂಜೆಕ್ಷನ್ ಕೊಡ್ತಿದ್ದಾರೆ" ಎಂದರು. ನನಗೆ ಗೊತ್ತಿದ್ದ ನಂಜು ಎಂದರೆ ಚಿಕ್ಕಂದಿನಲ್ಲಿ ನನ್ನ ತರಚುಗಾಯ ಕೀವಾದಾಗ ಅಮ್ಮ ಹೇಳುತ್ತಿದ್ದದ್ದು. ಬಿಸಿನೀರಿನಲ್ಲಿ ತೊಳೆದರೆ ಹೋಗುವಂಥದು. ಜ್ವರವೂ ಇಲ್ಲವಲ್ಲ ಎಂದು ಸಮಾಧಾನ ಬೇರೆ ಪಟ್ಟುಕೊಂಡೆ. ಪಕ್ಕದ ಮಂಚದವಳು ತನ್ನ ಗಂಡನ ಗೊರಕೆಯನ್ನು ಅಣಕಿಸಿ ತೋರಿಸಿದಾಗ ಹೊಲಿಗೆ ಹಿಡಿದುಕೊಂಡು ನಕ್ಕೆ. ಗಾಜಿನ ಕೋಣೆಯ ನರ್ಸ್, "ತಾಯೀನ ಕರ್ಕೊಂಡು ಬನ್ನಿ, ಒಂದ್ಸಲ ಮುಟ್ಟಲಿ" ಎಂದು ಹೇಳಿ ಕಳಿಸಿದ್ದರಂತೆ. ಇವರು "ಅವಳಿಗೆ ಸುಸ್ತು, ನಾಳೆ" ಎಂದರಂತೆ. ನಾಳೆ ಎನ್ನುವುದು ಇಲ್ಲದೆ ಹೋಗಬಹುದು ಎಂದೇ ಆ ನರ್ಸ್ ಕರೆದದ್ದು.

ಮನೆಗೆ ಹೊರಟ ದಿನ ಡಾಕ್ಟರು ಅವನ ಪಾದ ಹಿಡಿದು ಅಲ್ಲಾಡಿಸಿ, "ರಕ್ತಕ್ಕೇ ಸೋಂಕು ಇಳಿದಿತ್ತು. ನಾವೇ ಕೈಚೆಲ್ಲಿದ್ವಿ. ಸೆಪ್ಸಿಸ್‌ನ ಗೆದ್ದು ಬಂದ ನೋಡಿ ಇವನು" ಎಂದರು. ಸೆಪ್ಸಿಸ್ ಎಂದರೆ ನನಗೆ ಗೊತ್ತು. ಇವರ ಮುಖ ನೋಡಿದೆ. ಇವರು ಚೀಲದ ಜಿಪ್ ಎಳೆಯುತ್ತ ನಿಂತಿದ್ದರು. ಅದು ಆಗಲೇ ಹಾಕಿತ್ತು.

ಮನೆಗೆ ಬಂದು ಕೇಳಿದ್ದಕ್ಕೆ ಎಲ್ಲ ಹೇಳಿದರು. ನಂಜು ಎಂಬ ಆ ಪದ ಆರಿಸಿದವಳು ನೀನು. "ಸೆಪ್ಸಿಸ್ ಅನ್ನಬೇಡಿ, ಅವಳ ಎದೆ ಒಡೆದುಹೋಗುತ್ತೆ. ನಂಜು ಅನ್ನಿ. ಇಂಗ್ಲಿಷ್ ಮೀಡಿಯಂನೋಳು, ಕನ್ನಡದಲ್ಲಿ ಹೇಳಿದ್ರೆ ಅವಳಿಗೆ ಅಷ್ಟು ತಾಗಲ್ಲ." ನೀನು ಸುಳ್ಳು ಹೇಳಿಸಲಿಲ್ಲ, ಅದೇ ನನ್ನನ್ನು ಕೊರೆಯುತ್ತಿರುವುದು. ಸುಳ್ಳಾಗಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ನಿಜವನ್ನೇ ಹೇಳಿಸಿ, ಅದು ನನಗೆ ತಿಳಿಯದಂತೆ ನೋಡಿಕೊಂಡೆ. ನನ್ನ ಕನ್ನಡಕ್ಕೆ ನಗುವುದು ನಮ್ಮ ಮನೆಯ ಹಳೆಯ ಆಟ, ನಾನೂ ಜೊತೆಗೆ ನಗುತ್ತ ಬಂದವಳು. ಅದನ್ನು ನನ್ನ ಮಗುವಿನ ಜೀವದ ಮೇಲೂ ಆಡಬಹುದೆಂದು ನಿನಗೆ ಹೇಗನಿಸಿತು?

ನಿನ್ನ ಕಡೆಯಿಂದಲೂ ಯೋಚಿಸಿ ನೋಡಿದ್ದೇನೆ. ಕುಸಿದುಬೀಳುವ ತಾಯಂದಿರನ್ನು ನೀನು ದಿನಾ ನೋಡುತ್ತೀಯ. ನಾನೂ ಕುಸಿಯುತ್ತಿದ್ದೆನೇನೋ, ಹಾಲೂ ಬತ್ತುತ್ತಿತ್ತೇನೋ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ, ಗೊತ್ತಿಲ್ಲ. ಆದರೆ ಅವನು ಹೋಗಿಬಿಟ್ಟಿದ್ದರೆ ನಾನು ಆ ಗೊರಕೆಗೆ ನಗುತ್ತಿದ್ದ ಹೊತ್ತಿನಲ್ಲಿ ಹೋಗಿರುತ್ತಿದ್ದ. ಅದನ್ನು ಹೊತ್ತುಕೊಂಡು ಬದುಕಬೇಕಾದವಳು ನಾನು, ನೀನಲ್ಲ. ಈಗ ಇವರು ಗ್ಯಾಸ್ ಆರಿಸಿದೆ ಎಂದರೂ ಎದ್ದು ಹೋಗಿ ನೋಡಿ ಬರುತ್ತೇನೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಏನೆಂದು ಬರೆಯಲಿ, ತೋಚುತ್ತಿಲ್ಲ.

ಇನ್ನೂ ನಿನ್ನ,
ಪುಟ್ಟಿ

ವಿ.ಸೂ.: ಅಂಚೆಗೆ ಕಾಯುವುದಿಲ್ಲ. ಈ ಹಾಳೆಗಳ ಫೋಟೊ ತೆಗೆದು ಈಗಲೇ ಕಳಿಸುತ್ತಿದ್ದೇನೆ, ಜೊತೆಗೊಂದು ವಿಡಿಯೊ. ಈಗಷ್ಟೇ ಗಾಳಿಗೆ ಬಾಗಿಲು ಧಡಾರನೆ ಬಡಿಯಿತು. ನಾನು ಬೆಚ್ಚಿಬಿದ್ದೆ, ಗುಂಡನ ರೆಪ್ಪೆಯೂ ಅಲುಗಲಿಲ್ಲ. ಇವರು "ಒಳ್ಳೇ ನಿದ್ದೆ" ಎಂದರು. ಅವನ ಕಣ್ಣು ತೆರೆದಿತ್ತು. ಅವನ ಹಿಂದೆ ನಿಂತು ತಟ್ಟೆ ಬಡಿದದ್ದು ವಿಡಿಯೊದಲ್ಲಿದೆ, ನೋಡು. ಆ ಇಂಜೆಕ್ಷನ್‌ಗಳಿಂದ ಕಿವಿಗೆ ಏನಾದರೂ ಆಗುತ್ತದೆಯೇ? ಕೇಳಲು ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ. ಇವರಿಗೆ ಫೋನ್ ಮಾಡಬೇಡ. ನನಗೆ ಮಾಡು.