ರಿವ್ಯೂಗೆ ಕಾದಿದ್ದ ಎರಡು ಸಾಲು

ಮಾರ್ಚ್ 4, ಬೆಳಿಗ್ಗೆ 9.40

ಮತ್ತೆ ಹತ್ತು ಸೆಕೆಂಡ್ ಎಲ್ಲ ಸ್ತಬ್ಧ. ಮುನ್ನೂರು ಮೆಷಿನ್‌ಗಳ ಸ್ಟೋರೇಜ್ ನೋಡಿಕೊಳ್ಳೋ ಸರ್ವೀಸ್ ಒಂದೇ. ಅದರ ಹೊಟ್ಟೆಯೊಳಗೆ ಹನ್ನೊಂದು ಪೈಥಾನ್ ಮಾಡ್ಯೂಲು, ಅಂದ್ರೆ ಪುಟ್ಟ ಪ್ರೋಗ್ರಾಮು, ಎಲ್ಲಕ್ಕೂ ಸೇರಿ ಒಂದೇ ಲಾಕ್. ಅದು ಯಾವ ಮಾಡ್ಯೂಲಿನ ಕೈಲಿದೆಯೋ ಅದು ಓಡುತ್ತೆ, ಮಿಕ್ಕವು ಕಾಯಬೇಕು. ಯಾವುದೋ ಒಂದು ಬಿಡದೆ ಹಿಡ್ಕೊಂಡು ಕೂತಿದೆ.

ಟೀಮಿನ ಲೀಡ್ ತಲೆ ಕೆರ್ಕೊಂಡ್ರು. "ಪುರಾಣಿಕನ ಮಾಡ್ಯೂಲ್ ಕಿತ್ತು ಐದು ತಿಂಗಳಾಯ್ತಲ್ಲಮ್ಮ! ಇದ್ಯಾವ ದೆವ್ವ?"

ಆ ಹೆಸರು ಕೇಳಿದ್ರೆ ಸಾಕು, ನನ್ನ ಆ ದಿನದ ಕೆಲಸ ಕೆಟ್ಟಂತೆ.

ಮಾರ್ಚ್ 5

ಪಕ್ಕದ ಸೀಟಿನವನಿಗೆ ಪುರಾಣಿಕ ಅಂತ ಹೆಸರಿಟ್ಟಿದ್ದು ನಾನೇ. ಕೋಡಿಗಿಂತ ಅದರ ಪಕ್ಕ ಬರೆಯೋ ವಿವರಣೆ, ಕಾಮೆಂಟೇ ಉದ್ದ. ಬರೆದದ್ದನ್ನ ಕುರ್ಚಿ ನನ್ನ ಕಡೆ ತಿರುಗಿಸಿ ರಾಗವಾಗಿ ಓದೋನು. "ಕೇಳಿಸ್ಕೊಳ್ಳಿ ಮೇಡಂ." ಮೇಡಂ ಅನ್ನೋದು ಕೀಟಲೆಗೆ. "ಸಾಕು ನಿಲ್ಸೋ ಮಾರಾಯ" ಅಂತಿದ್ದೆ. ನಾಲ್ಕು ವರ್ಷ.

ಅಕ್ಟೋಬರ್ ಮೀಟಿಂಗ್‌ನಲ್ಲಿ ಎಲ್ಲರ ಎದುರು ಅಂದುಬಿಟ್ಟೆ — "ಇವನ ಮಾಡ್ಯೂಲೇ ಸರ್ವೀಸನ್ನ ಕೊಲ್ತಿರೋದು, ಕಿತ್ತು ಹಾಕಿ." "ಸರಿ ಮೇಡಂ" ಅಂದ, ಅಷ್ಟೇ. ಮುಂದಿನ ವಾರ ಬೇರೆ ಊರಿನ ಆಫೀಸಿಗೆ ವರ್ಗ ಕೇಳ್ಕೊಂಡ. ತಡೀಲಿಲ್ಲ ನಾನು. ಜಂಭ.

ಈಗ ಹಳೇ ಫೈಲ್ ತೆಗೆದು ಅವನ ಕಾಮೆಂಟ್ ಓದ್ತೀನಿ. ದಿನಾ. ನಾಚಿಕೆ ಆಗ್ಬೇಕು.

ಮಾರ್ಚ್ 11, ಮಧ್ಯಾಹ್ನ 3.10

ಸಿಕ್ತು. ಅಯ್ಯೋ ದೇವರೇ.

ಮಾಡ್ಯೂಲು ಮಾಹಿತಿ ಕೇಳಿದಾಗ ಸರ್ವೀಸಿಗೆ ದಾಟಿಸೋ ಭಾಗ ನಾನು ಬರೆದದ್ದು. ಉತ್ತರಕ್ಕೆ ಕಾಯೋ ಮೊದಲು ಲಾಕ್ ಬಿಡಬೇಕು, ಬಂದ ಮೇಲೆ ಮತ್ತೆ ಹಿಡೀಬೇಕು. ಎರಡೇ ಸಾಲು. ಎಲ್ಲ ಕಡೆ ಹಾಕಿದ್ದೀನಿ — ಒಂದು ಫಂಕ್ಷನ್‌ನಲ್ಲಿ ಮರೆತಿದ್ದೀನಿ. ಆಗ ಅದನ್ನ ಬಳಸ್ತಿದ್ದದ್ದು ಅವನ ಮಾಡ್ಯೂಲೊಂದೇ, ಅದಕ್ಕೇ ತಪ್ಪು ಅವನ ತಲೆಗೆ ಬಂತು. ಈ ತಿಂಗಳು ಹೊಸ ಮಾಡ್ಯೂಲೂ ಬಳಸೋಕೆ ಶುರುಮಾಡಿದೆ. ತಪ್ಪು ನಂದು. ಪೂರ್ತಿ ನಂದು.

4.00

ತಿದ್ದಿ ಕಳಿಸೋಕೆ ಹೋದರೆ, ಇದೇ ಜಾಗಕ್ಕೆ ಇನ್ನೊಂದು ತಿದ್ದುಪಡಿ ಆಗಲೇ ಬಾಕಿ ಇದೆ ಅಂತ ತೋರಿಸ್ತು. ಕಳಿಸಿದವನು ಅವನು. ಆ ಮೀಟಿಂಗಿನ ಹಿಂದಿನ ದಿನ. ರಿವ್ಯೂ ಮಾಡಿ ಒಪ್ಪಿಗೆ ಕೊಡಬೇಕಾದವಳು ನಾನು. ತೆರೆದೇ ಇಲ್ಲ! ಅದೇ ಎರಡು ಸಾಲು. ಕೆಳಗೆ ಚಿಕ್ಕ ಕಾಮೆಂಟ್ — ಅವನ ಜನ್ಮದಲ್ಲೇ ಚಿಕ್ಕದು:

"ಮೇಡಂ, ಸದ್ದಿಲ್ಲದೆ ಸೇರಿಸಿಬಿಡಿ. ನಾಳೆ ಮೀಟಿಂಗ್‌ನಲ್ಲಿ ನಾನು ಬಾಯಿ ಬಿಡಲ್ಲ."

ಬಾತ್‌ರೂಮಿಗೆ ಹೋಗಿ ಅತ್ತೆ.

ಮಾರ್ಚ್ 12

ನನ್ನದನ್ನ ಅಳಿಸಿ, ಅವನದಕ್ಕೆ ಒಪ್ಪಿಗೆ ಕೊಟ್ಟೆ. ಲೀಡ್‌ಗೆ ಹೇಳಿದೆ. "ಹಾಗಾದ್ರೆ ಅವನ ತಪ್ಪೇ ಇರ್ಲಿಲ್ವಾ?" "ಇರ್ಲಿಲ್ಲ ಸರ್." ಅವರು ಕನ್ನಡಕ ತೆಗೆದು ಒರೆಸ್ತಾ ಕೂತರು. ಬೈದಿದ್ರೆ ಹಗುರ ಆಗ್ತಿತ್ತು.

ಅವನಿಗೆ ನೋಟಿಫಿಕೇಶನ್ ಹೋಗಿರುತ್ತೆ. ಮೆಸೇಜ್ ಇಲ್ಲ.

ಮಾರ್ಚ್ 17

ಇಲ್ಲ.

ಮಾರ್ಚ್ 20, ಮಧ್ಯಾಹ್ನ 12.20

ನಾನೇ ಫೋನ್ ಮಾಡಿದೆ. ಆಫೀಸಿನ ಮೆಟ್ಟಿಲ ಮೇಲೆ ಕೂತು.

"ಹೇಳಿ ಮೇಡಂ."

"ತಪ್ಪು ನಂದು ಕಣೋ."

"ಗೊತ್ತು." ನಕ್ಕನೋ ಏನೋ. "ಅದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

ವಾಪಸ್ ಬಾ ಅನ್ಬೇಕಿತ್ತು. "ನಿನ್ ಮಾಡ್ಯೂಲ್ ಮತ್ತೆ ಹಾಕಿದೀವಿ" ಅಂದೆ. ದಡ್ಡಿ!

ಅವನು, "ಅಷ್ಟೇನಾ? ... ತಾಳಿ, ಯಾರೋ ಕರೀತಿದ್ದಾರೆ. ಇಡಬೇಡಿ, ಬಂದೆ."

ಇಟ್ಟಿಲ್ಲ. ಫೋನ್ ಕಿವಿಗೆ ಒತ್ತಿಕೊಂಡೇ ಬರೀತಿದೀನಿ. ಆ ಕಡೆ ಯಾರ್ಯಾರದೋ ಮಾತು, ಬಾಗಿಲ ಸದ್ದು. ಬಂದ ತಕ್ಷಣ ಹೇಳಿಬಿಡ್ತೀನಿ — ನೀನಿಲ್ಲದೆ ಇಲ್ಲಿ ನನ್ನ ಕೈಲಿ ಇರೋಕೆ ಆಗ್ತಿಲ್ಲ ಅಂತ. ಕೋಡ್ ಮಾತು ಎತ್ತಲ್ಲ. ಬಂದ ಅನ್ಸುತ್ತೆ, ಹಲೋ ಅಂ