ಖಾಲಿಯಿಲ್ಲದ ಕಂಬ

ಕಿಯೋಜಾ, ಹಿನ್ನೀರಿನಲ್ಲಿ ಲಂಗರು ಹಾಕಿದ ದೋಣಿಯಿಂದ
ಸೆಪ್ಟೆಂಬರ್ 12, 2019

ಪ್ರೀತಿಯ ಫೆರುಚೊ ಅಣ್ಣನಿಗೆ,

ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುವಾಗ ಕೋಲು ಹಿಡಿಯಲು ನಾಚಿಕೆಪಡುತ್ತೀಯೆಂದು ಅತ್ತಿಗೆ ಹೇಳಿದಳು. ಬಿದ್ದು ಸೊಂಟ ಮುರಿದುಕೊಂಡರೆ ನಾಚಿಕೆ ತಾನಾಗಿ ಹೋಗುತ್ತದೆ, ಅಲ್ಲಿಯವರೆಗೆ ಕಾಯಬೇಡ. ಫೋನಿನಲ್ಲಿ ನಮ್ಮೂರಿನ ಹೆಸರು ಬಂದ ಕೂಡಲೇ ನೀನು ಮಾತು ತಿರುಗಿಸುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದ ಬಾಯಿ ಮುಚ್ಚಿಸಲು ಆಗುವುದಿಲ್ಲವಲ್ಲ.

ನಾವಿಬ್ಬರೂ ಆರಾಮ. ಲಿವಿಯೊ ಟ್ರಾಮಿನ ಕೆಲಸದಿಂದ ನಿವೃತ್ತನಾದ ಮೇಲೆ ಹಳೆಯ ಹಾಯಿದೋಣಿಯೊಂದನ್ನು ಕೊಂಡ ವಿಷಯ ನಿನಗೆ ಗೊತ್ತೇ ಇದೆ. ಟ್ರಿಯೆಸ್ತೆ ಬಿಟ್ಟು ಒಂಬತ್ತು ದಿನವಾಯಿತು, ದಡದುದ್ದಕ್ಕೂ ಊರೂರು ನೋಡುತ್ತ ಬರುತ್ತಿದ್ದೇವೆ. ನನ್ನ ಗಂಡ ಈಗ ಕಪ್ತಾನ. ಇಲ್ಲಿಯವರೆಗೆ ಎರಡು ಪಾತ್ರೆ ಸುಟ್ಟಿದ್ದಾನೆ, ಒಂದು ಟೋಪಿ ಸಮುದ್ರಕ್ಕೆ ಕೊಟ್ಟಿದ್ದಾನೆ. ಹಾಯಿ ಏರಿಸುವ ನಮ್ಮ ಪಟಸ್ತಂಭ ಊರೊಳಗಿನ ಸೇತುವೆಗಳ ಕೆಳಗೆ ಹೋಗುವುದಿಲ್ಲ. ಹಾಗಾಗಿ ದೊಡ್ಡ ದೋಣಿಯನ್ನು ಹೊರಗೇ ನಿಲ್ಲಿಸಿ, ನಿನ್ನೆ ಬೆಳಿಗ್ಗೆ ಹುಟ್ಟು ಹಾಕುವ ಚಿಕ್ಕ ದೋಣಿಯಲ್ಲಿ ಕಾಲುವೆಗೆ ಇಳಿದೆವು.

ಅಣ್ಣ, ಅರವತ್ತೈದು ವರ್ಷಕ್ಕೆ ನಾನು ಹುಟ್ಟಿದ ಊರನ್ನು ನೀರಿನಿಂದ ನೋಡಿದೆ. ಅಪ್ಪ ನಿನ್ನನ್ನು ದೋಣಿಗೆ ಹತ್ತಿಸಿಕೊಳ್ಳುತ್ತಿದ್ದ, ನಾನು ಬುತ್ತಿ ಹಿಡಿದು ಕಟ್ಟೆಯ ಮೇಲೆ ನಿಲ್ಲುತ್ತಿದ್ದೆ. ಮದುವೆಯಾದ ಮೇಲೆ ಬಂದಾಗಲೆಲ್ಲ ರೈಲಿಳಿದು ಬೀದಿಬಾಗಿಲಿನಿಂದ ಒಳಗೆ ಹೋದವಳು, ಅಪ್ಪನ ಮಣ್ಣಿಗೂ ಹಾಗೇ ಬಂದೆ. ಕೆಳಗಿನಿಂದ ನೋಡಿದರೆ ಇದು ಬೇರೆಯೇ ಊರು. ಮನೆಗಳ ಬೆನ್ನು, ಅಡಿಗೆಮನೆಯ ಕೊಳವೆ, ಒಣಹಾಕಿದ ಒಳಬಟ್ಟೆ, ಮೀನು ಮಾರುವವರ ಕಾಲು. ಸೇತುವೆ ಬಂದಾಗಲೆಲ್ಲ ತಲೆ ತಗ್ಗಿಸಬೇಕು. ಲಿವಿಯೊ ಟ್ರಿಯೆಸ್ತೆಯವರ ಹಾಗೆ ಕುಳಿತು, ಹೋಗುವ ದಿಕ್ಕಿಗೆ ಬೆನ್ನು ಮಾಡಿ ಹುಟ್ಟು ಹಾಕುತ್ತಿದ್ದ. ದಡದ ಮೇಲಿದ್ದ ಮೀನಿನವನು, "ಯಜಮಾನ್ರೇ, ನಮ್ಮೂರಿಗೆ ಬೆನ್ನು ಹಾಕ್ಕೊಂಡೇ ಬರ್ತಿದ್ದೀರಲ್ಲ, ಏನ್ ಸಿಟ್ಟು?" ಅಂದ. ನನಗೆ ಮರ್ಯಾದೆ ಹೋದ ಹಾಗಾಯಿತು. ಹುಟ್ಟು ಕಿತ್ತುಕೊಂಡು, ಒಂದು ಬೇಸಿಗೆಯಲ್ಲಿ ಅಪ್ಪನಿಗೆ ತಿಳಿಯದಂತೆ ನೀನು ಕಲಿಸಿದ್ದೆಯಲ್ಲ, ಹಾಗೆ ನಿಂತು, ಮುಂದೆ ನೋಡುತ್ತ ನಡೆಸಿದೆ. ಕೈ ಮರೆತಿಲ್ಲ.

ಸಾನ್ ದೊಮೆನಿಕೊ ಕಾಲುವೆಯಲ್ಲಿ ದೋಣಿಗಳು ಒತ್ತಾಗಿ ನಿಂತಿದ್ದವು. ದೋಣಿ ಕಟ್ಟಲು ನೀರಿನಲ್ಲಿ ನೆಟ್ಟ ಕಂಬಗಳಲ್ಲಿ ಒಂದೇ ಒಂದರ ಬಳಿ ಮಾತ್ರ ದೋಣಿಯಿರಲಿಲ್ಲ. ಮೇಲರ್ಧ ಹೊಸ ಕೆಂಪು ಬಣ್ಣ, ತುದಿಗೆ ಹಳದಿ ಪಟ್ಟಿ, ಕೆಳಗರ್ಧ ಸುಲಿದುಹೋಗಿತ್ತು. ಅಪ್ಪನ ದೋಣಿಯ ಹಾಯಿಯ ಬಣ್ಣವೇ ಎದುರಿಗಿದ್ದರೂ ನನ್ನ ಕಣ್ಣಿಗೆ ಹತ್ತಲಿಲ್ಲ. "ಅದೃಷ್ಟ" ಎಂದು ಲಿವಿಯೊ ಹಗ್ಗ ಕಟ್ಟಿದ. ಮೇಲಿನ ಕಿಟಕಿ ತೆರೆಯಿತು.

"ಏಯ್, ಬಿಚ್ಚಿ ಅದನ್ನ. ಅದು ಖಾಲಿ ಇಲ್ಲ."

"ದೋಣಿನೇ ಇಲ್ವಲ್ಲಮ್ಮ," ಅಂದ ಲಿವಿಯೊ.

"ಆಚೆ ಹೋಗಿದ್ದಾನೆ. ಬರ್ತಾನೆ."

"ಅರ್ಧ ಗಂಟೆ ಕಟ್ಕೋತೀವಿ ಅಷ್ಟೇ. ಯಾವಾಗ ಹೋದ್ರು ಅವರು?"

"ಎಂಬತ್ತೆಂಟ್ರಲ್ಲಿ."

ಲಿವಿಯೊ ನಕ್ಕ. ನಾನು ತಲೆಯೆತ್ತಿದೆ. ಬಲೆ ಹೆಣೆಯುವ ಸಾಂತೆಯ ಹೆಂಡತಿ ನೋರ್ಮಾ. ಅವಳೂ ನನ್ನನ್ನೇ ನೋಡಿದಳು. "ನೀವೆಸ್? ಅಯ್ಯೋ ನಿನ್ನ, ಸ್ವಂತ ಅಣ್ಣನ ಕಂಬ ಗುರುತು ಸಿಗ್ಲಿಲ್ವೇನೇ?" ಅಂದಳು.

ಹುರಿದು ಈರುಳ್ಳಿ ಹುಳಿಯಲ್ಲಿ ನೆನೆಹಾಕಿದ ಬೂತಾಯಿ ಮೀನನ್ನು ಮುಂದಿಟ್ಟು ಗಂಡಹೆಂಡತಿ ಎಲ್ಲ ಹೇಳಿದರು. ಇಲ್ಲಿನ ರೀತಿ ನಿನಗೆ ನಾನು ಹೇಳಬೇಕೇ? ಒಂದು ವಾರ ದೋಣಿಯಿಲ್ಲದ ಕಂಬಕ್ಕೆ ಎಂಟನೆಯ ದಿನ ಬೇರೆಯವರ ಹಗ್ಗ ಬೀಳುತ್ತದೆ. ಮಂಜಿನಲ್ಲಿ ನೀನು ಅಪ್ಪನ ದೊಡ್ಡ ದೋಣಿಯನ್ನು ಕಲ್ಲುಗೋಡೆಗೆ ಹೊಡೆಸಿ ಮುಳುಗಿಸಿದ ದಿನ ಇಡೀ ಕಟ್ಟೆಯ ಎದುರು ಅಪ್ಪ ಅಂದನಲ್ಲ, "ಈ ಕಾಲುವೇಲಿ ನಿಂಗೆ ಜಾಗ ಇಲ್ಲ" ಎಂದು. ಮಾರನೆಯ ಬೆಳಿಗ್ಗೆ ನೀನು ನಿನ್ನ ಪುಟ್ಟ ದೋಣಿಯಲ್ಲಿ ಹೊರಟೆ. ಎಂಟನೆಯ ದಿನ ಯಾರೋ ಹಗ್ಗ ಎಸೆಯಲು ಬಂದರೆ ಅಪ್ಪ ಅಡ್ಡ ನಿಂತನಂತೆ. "ಆಚೆ ಹೋಗಿದ್ದಾನೆ. ಬರ್ತಾನೆ." ಅಷ್ಟೇ ಮಾತು. ಅಂದಿನಿಂದ ಪ್ರತಿ ವರ್ಷ ಬಣ್ಣ ಬಳಿದ. ಮರ ಕೊಳೆತಾಗ ಎರಡು ಸಲ ಕಂಬವನ್ನೇ ಹೊಸದಾಗಿ ನೆಡಿಸಿದ. ನಾಲ್ಕು ವರ್ಷದ ಹಿಂದೆ ಹಾಸಿಗೆ ಹಿಡಿದಾಗ ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ಸಾಂತೆಯ ಕೈಗೆ ಕೊಟ್ಟನಂತೆ.

ನನಗೆ ಒಂದು ಮಾತು ಹೇಳಲಿಲ್ಲ ಮುದುಕ. ಆಡಿದ ಮಾತನ್ನು ಬಾಯಿಂದ ಹಿಂದಕ್ಕೆ ತೆಗೆದುಕೊಳ್ಳುವ ಪೈಕಿ ಅಲ್ಲ, ಕುಂಚದಿಂದ ತೆಗೆದುಕೊಳ್ಳುತ್ತಿದ್ದ. ನೋರ್ಮಾಳ ಅಡಿಗೆಮನೆಯಲ್ಲಿ ಕುಳಿತು ಚೆನ್ನಾಗಿ ಅತ್ತೆ. ಅವನ ಮೇಲೂ ಸಿಟ್ಟು ಬಂತು, ನಿನ್ನ ಮೇಲೂ ಬಂತು. ಅಪ್ಪ ತೀರಿಕೊಂಡಾಗ ಬಾ ಅಂದರೆ, "ಜಾಗ ಇಲ್ಲದ ಊರಲ್ಲಿ ದೋಣಿ ಎಲ್ಲಿ ಕಟ್ಲಿ?" ಅಂದೆಯಲ್ಲ, ನನಗೆ ಉತ್ತರ ಹೊಳೆದಿರಲಿಲ್ಲ. ಈಗ ಗೊತ್ತಾಗಿದೆ.

ನಮ್ಮ ದೋಣಿಯನ್ನು ಬಿಚ್ಚಿ ಸಾಂತೆಯ ದೋಣಿಯ ಪಕ್ಕಕ್ಕೆ ಕಟ್ಟಿದೆವು. ನಾಳೆ ಅಂಕೋನಾ ಕಡೆಗೆ ಹೊರಡುತ್ತೇವೆ. ಅತ್ತಿಗೆಗೆ ನನ್ನ ನೆನಪು ತಿಳಿಸು, ಲಿವಿಯೊ ನಿನಗೊಂದು ಕಪ್ತಾನನ ಸಲಾಮು ಹೇಳಿದ್ದಾನೆ. ದೇವರ ತಾಯಿ ನಿನ್ನ ಮೊಣಕಾಲನ್ನೂ ಹಟವನ್ನೂ ಒಟ್ಟಿಗೆ ಸಡಿಲಿಸಲಿ.

ನಿನ್ನ ತಂಗಿ,
ನೀವೆಸ್

ಮರೆತಿದ್ದೆ: ಸಾಂತೆಗೆ ಎಂಬತ್ತನಾಲ್ಕು. ಈ ವರ್ಷ ದಡದಿಂದ ಕೈಗೆಟುಕಿದಷ್ಟು ಬಳಿದು ಬಿಟ್ಟಿದ್ದಾನೆ. ಕೆಳಗರ್ಧಕ್ಕೆ ನೀರು ಇಳಿದಾಗ ದೋಣಿಯಲ್ಲಿ ನಿಂತು ಬಳಿಯಬೇಕು, ಅದು ಇನ್ನು ಅವನಿಂದಾಗದು. ಇವತ್ತು ಬೆಳಿಗ್ಗೆ ನೀರು ಇಳಿದಿತ್ತು. ನಾನೇ ಬಳಿಯುತ್ತೇನೆಂದು ಹೋಗಿ ಕುಂಚ ಅದ್ದಿದೆ, ಆಮೇಲೆ ಡಬ್ಬಿ ಮುಚ್ಚಿ ನೋರ್ಮಾಳ ಕೈಗೆ ವಾಪಸು ಕೊಟ್ಟೆ. ಚಳಿಯ ಮಂಜು ಶುರುವಾಗುವುದರೊಳಗೆ ಬಳಿಯದಿದ್ದರೆ ಮರ ಈ ವರ್ಷ ತಡೆಯುವುದಿಲ್ಲವಂತೆ. ನೀನಿರುವ ರೊವಿನ್ಯೊದಿಂದ ಇಲ್ಲಿಗೆ ಒಳ್ಳೆಯ ಗಾಳಿಯಿದ್ದರೆ ಒಂದು ಹಗಲಿನ ದಾರಿ. ಮೂವತ್ತೊಂದು ವರ್ಷದಿಂದ ಕೇಳಿದವರಿಗೆಲ್ಲ ಆ ಕಿಟಕಿಯಿಂದ ಒಂದೇ ಉತ್ತರ ಹೋಗುತ್ತಿದೆ. ಮುದುಕಿಯನ್ನು ಸುಳ್ಳುಗಾರ್ತಿ ಮಾಡಬೇಡ, ಅಣ್ಣ.